ಖಾನೇಷುಮಾರಿ, ಸುಮಾರು, ತಾಯಿಬಳಿ

ಎಲ್ಲರಿಗೂ ನಮಸ್ಕಾರ.

ನಮ್ಮ ಸೊಸೆ ಇಂಗ್ಲೆಂಡಿನವಳು. ತನ್ನ ಮುತ್ತಜ್ಜಿಯ ಮುತ್ತಜ್ಜಿಯನ್ನು ಕಾರ್ನ್‌ವಾಲಿನ ಹಳೆಯ ಜನಗಣತಿಯಲ್ಲಿ ಪತ್ತೆಹಚ್ಚಿದ್ದಾಳೆ. ತುಮಕೂರಿನ ನಮ್ಮತ್ತೆಗೆ ಓದಿಹೇಳಲು ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಜನಗಣತಿ’ ಅಂದಿದ್ದಕ್ಕೆ ಅತ್ತೆ, “ಖಾನೇಷುಮಾರಿ ಅನ್ನು” ಎಂದರು. ಸರಿ, ಅದನ್ನೇ ಇಟ್ಟುಕೊಂಡೆ. ಪಾರಸಿಯಲ್ಲಿ ಖಾನಾ ಅಂದರೆ ಮನೆ, ಶುಮಾರ್ ಅಂದರೆ ಎಣಿಕೆ. ನಮ್ಮ ‘ಸುಮಾರು’ ಕೂಡ ಅದೇ ಶುಮಾರ್. ಎಣಿಕೆಯ ಮಾತು ನಮ್ಮಲ್ಲಿಗೆ ಬಂದು ‘ಹೆಚ್ಚುಕಡಿಮೆ’ ಆಗಿಬಿಟ್ಟಿದೆ!

ಸೊಸೆಯ ಕಾಗದದಲ್ಲೂ ಹಾಗೇ ಆಗಿದೆ. ಆ ಅಜ್ಜಿಗೆ 1841ರಲ್ಲಿ 35, 1851ರಲ್ಲಿ 48. ಹತ್ತು ವರ್ಷದಲ್ಲಿ ಹದಿಮೂರು ವರ್ಷ ಮುದುಕಿಯಾದಳೇ ಎಂದು ಅತ್ತೆ ನಕ್ಕರು. 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯುವ ಸೂಚನೆಯಿತ್ತು. 38 ಇದ್ದದ್ದು 35 ಆಯಿತು. ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಬರೆಯತೊಡಗಿದ್ದೂ 1851ರಲ್ಲೇ.

ತೊಡಕಿರುವುದು ಡಿಎನ್‌ಎ ಭಾಗದಲ್ಲಿ. ಮೈಟೋಕಾಂಡ್ರಿಯಾ ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗ. ಅದರ ಡಿಎನ್‌ಎ ತಾಯಿಯಿಂದ ಮಗ, ಮಗಳು ಇಬ್ಬರಿಗೂ ಬರುತ್ತದೆ. ಮುಂದಕ್ಕೆ ದಾಟಿಸುವವಳು ಮಗಳು ಮಾತ್ರ. ಅದೇ ಅಜ್ಜಿಯಿಂದ ಹೆಣ್ಣುಮಕ್ಕಳ ಸಾಲಿನಲ್ಲೇ ಇಳಿದ ಇನ್ನೊಬ್ಬಳ ಡಿಎನ್‌ಎ ಜೊತೆ ನಮ್ಮ ಸೊಸೆಯದು ತಾಳೆಯಾಗಿದೆ. ಅಷ್ಟರಿಂದಲೇ ನಂಟು ಸಾಬೀತಾಗದು, ದಾಖಲೆಗೆ ಬಲ ಬಂತು ಅಷ್ಟೆ. ಈ ಸಾಲಿಗೆ ಏನನ್ನೋಣ? ‘ಗೋತ್ರ’ ಅಪ್ಪನದು. ‘ಮಾತೃವಂಶ’ ಅಂದರೆ ತಾಯಿಯ ಅಪ್ಪ, ಅವರಪ್ಪ, ಎಲ್ಲರೂ ಬಂದು ಕೂರುತ್ತಾರೆ.

ನನ್ನ ತವರು ಕುಂದಾಪುರದ ಕಡೆ. ವಂಶ ತಾಯಿಯ ಕಡೆಯಿಂದ ನಡೆಯುವ ಅಳಿಯಕಟ್ಟಿನ ಮನೆಗಳಲ್ಲಿ ‘ಬಳಿ’, ಅಂದರೆ ಕುಲದ ಹೆಸರು, ತಾಯಿಯಿಂದಲೇ ಬರುತ್ತದೆ. ತುಳುವಿನಲ್ಲಿ ಇದೇ ‘ಬರಿ’. ಮಗನಿಗೆ ತಾಯಿಯ ಬಳಿ, ಅವನ ಮಕ್ಕಳಿಗೆ ಅವನ ಹೆಂಡತಿಯ ಬಳಿ. ಮೈಟೋಕಾಂಡ್ರಿಯಾ ನಡೆಯುವ ದಾರಿಯೂ ಇದೇ ಅಲ್ಲವೇ? ಅದಕ್ಕೇ ‘ತಾಯಿಬಳಿ’ ಎಂದು ಬರೆದೆ.

ಆದರೆ “ಇಬ್ಬರದೂ ಒಂದೇ ತಾಯಿಬಳಿ” ಎಂದು ಓದಿದಾಗ ಅತ್ತೆ, “ಯಾವ ತಾಯಿ ಬಳಿ? ಏನಿತ್ತು ಅವಳ ಹತ್ರ?” ಎಂದು ಕೇಳಿದರು. ಬಯಲುಸೀಮೆಯ ಕಿವಿಗೆ ಬಳಿ ಅಂದರೆ ಹತ್ತಿರ, ಮುಗಿಯಿತು. ಬರಹದಲ್ಲಿ ಕೂಡಿಸಿ ಬರೆದು ಪಾರಾಗಬಹುದು, ಬಾಯಲ್ಲಿ ಆಗದು.

ಘಟ್ಟದ ಮೇಲೆ ತಾಯಿಯಿಂದ ಮಗಳಿಗಿಳಿಯುವ ಸಾಲಿಗೆ ಬೇರೆ ಮಾತಿದೆಯೇ? ಕುಲದ ಹೆಸರಿಗೆ ‘ಬೆಡಗು’ ಎನ್ನುವ ಉತ್ತರ ಕರ್ನಾಟಕದವರು ಅದು ಅಪ್ಪನ ಕಡೆಯದೋ ತಾಯಿಯ ಕಡೆಯದೋ ಎಂದು ಮೊದಲು ತಿಳಿಸಿ. ಸಿಗುವವರೆಗೆ ‘ತಾಯಿಬಳಿ’ಯನ್ನೇ ಬಿಡದೆ ಹಿಡಿದಿರುತ್ತೇನೆ.