ಉಳಿದ ನೂಲಿನಿಂದ ಸ್ನಾನದ ಸಾಮಗ್ರಿ: ಯಾವುದಕ್ಕೆ ಯಾವ ನೂಲು?

ನೂಲುಂಡೆ:
ಸ್ವೆಟರ್, ಮಕ್ಕಳ ಟೋಪಿ, ಬಾಗಿಲ ತೋರಣಗಳನ್ನು ಹೆಣೆದು ಉಳಿದ ಸಣ್ಣಪುಟ್ಟ ಉಂಡೆಗಳು ನನ್ನ ಬಳಿ ಒಂದು ಚೀಲದಷ್ಟಿವೆ. ಅವುಗಳಿಂದ ಸೋಪಿನ ಚೀಲ, ಮುಖ ಒರೆಸುವ ಬಟ್ಟೆ, ಬೆನ್ನು ಉಜ್ಜುವ ಪಟ್ಟಿ ಮತ್ತು ಬಚ್ಚಲುಮನೆಯ ಬಾಗಿಲಿಗೊಂದು ಕಾಲೊರಸನ್ನು ಕ್ರೋಶಾದಲ್ಲಿ ಹೆಣೆಯಬೇಕೆಂದಿದ್ದೇನೆ. ಹೆಚ್ಚಿನ ಉಂಡೆಗಳ ಚೀಟಿ ಕಳೆದುಹೋಗಿದೆ. ಎಲ್ಲವನ್ನೂ ಬೆರೆಸಿ ಹೆಣೆಯಬಹುದೇ? ನಾವಿರುವುದು ಮಲೆನಾಡಿನ ಸಾಗರ ಊರಿನ ಕಡೆ. ಮಳೆಗಾಲದಲ್ಲಿ ಇಲ್ಲಿ ಟವೆಲ್ಲೇ ಒಣಗುವುದಿಲ್ಲ ಎಂಬುದನ್ನೂ ಗಮನದಲ್ಲಿಟ್ಟು ತಿಳಿಸಬೇಕಾಗಿ ವಿನಂತಿ.

ಕ್ರೋಶಾಕಡ್ಡಿ:
ದಯವಿಟ್ಟು ಬೆರೆಸಬೇಡಿ. ಬಿಸಿನೀರು ತಗುಲಿದಾಗ ಹತ್ತಿ ಸ್ವಲ್ಪ ಕುಗ್ಗುತ್ತದೆ, ಉಣ್ಣೆ ಉಜ್ಜಿದಷ್ಟೂ ಗಟ್ಟಿಯಾಗಿ ಜಡೆಗಟ್ಟುತ್ತದೆ, ಅಕ್ರಿಲಿಕ್ ಎಂಬ ಕೃತಕ ನೂಲು ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಮೂರನ್ನೂ ಒಂದೇ ಬಟ್ಟೆಯಲ್ಲಿ ಸೇರಿಸಿದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಅದು ಸುಕ್ಕಾಗಿ ಸೊಟ್ಟಗಾಗುತ್ತದೆ.

ಚೀಟಿಯಿಲ್ಲದ ನೂಲನ್ನು ಗುರುತಿಸಲು, ಒಂದು ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು, ನೀರು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿಯಿಂದ ಹೊರತೆಗೆದರೆ ತಾನಾಗಿಯೇ ಆರುತ್ತದೆ. ಅಕ್ರಿಲಿಕ್ ಕರಗಿ, ಉಗುರಿಗೆ ಪುಡಿಯಾಗದ ಕಪ್ಪು ಗಂಟಾಗುತ್ತದೆ. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೊಡುವ ನೂಲಿನ ಬಹುಪಾಲು ಅಕ್ರಿಲಿಕ್ಕೇ ಆಗಿರುವುದರಿಂದ, ನಿಮ್ಮ ಸ್ವೆಟರಿನ ಉಳಿಕೆಗಳಲ್ಲಿ ಅದೇ ಹೆಚ್ಚಿರಬಹುದು.

ಮೈಗೆ ತಾಗುವ ಎಲ್ಲಕ್ಕೂ ಹತ್ತಿಯೇ ಸರಿ. ಗಾಳಿಯ ತೇವವನ್ನು ಹತ್ತಿ ತನ್ನ ತೂಕದ ಸುಮಾರು 8 ಪ್ರತಿಶತದಷ್ಟು ಹೀರಿಕೊಂಡರೆ ಅಕ್ರಿಲಿಕ್ ಹೀರುವುದು 1ರಿಂದ 2 ಪ್ರತಿಶತ ಮಾತ್ರ. ಅದರಲ್ಲಿ ಮುಖ ಒರೆಸಿದರೆ ನೀರು ಮುಖದ ಮೇಲೆಯೇ ಜಾರಾಡುತ್ತದೆ. ಹತ್ತಿಯನ್ನು ಆಗಾಗ ಕುದಿಯುವ ನೀರಿಗೆ ಹಾಕಿ ಶುಚಿಗೊಳಿಸಬಹುದೆಂಬುದು ನನಗಂತೂ ಇನ್ನೂ ದೊಡ್ಡ ಕಾರಣ.

ಸೋಪಿನ ಚೀಲದಿಂದ ಆರಂಭಿಸಿ. ನಾಲ್ಕೆಳೆಯ ಹತ್ತಿ ನೂಲು, 3.5 ಮಿ.ಮೀ. ಕಡ್ಡಿ. 19 ಚೈನ್ (ಸರಪಳಿಯಂತೆ ಒಂದರೊಳಗೊಂದು ಕುಣಿಕೆ) ಹಾಕಿ, ಕಡ್ಡಿಯಿಂದ ಎರಡನೆಯ ಚೈನಿನಿಂದ ಆರಂಭಿಸಿ ಒಂದು ಬದಿಗೆ 18, ತಿರುಗಿಸಿ ಇನ್ನೊಂದು ಬದಿಗೆ 18 ಸಿಂಗಲ್ ಕ್ರೋಶಾ (ಗಿಡ್ಡ ಹೆಣಿಗೆ) ಹಾಕಿ. ಅದೇ 36ರ ಮೇಲೆ ಇನ್ನೊಂದು ಸುತ್ತು. ಬಳಿಕ ಒಂದು ಡಬಲ್ ಕ್ರೋಶಾ (ಅದಕ್ಕಿಂತ ಎತ್ತರದ ಹೆಣಿಗೆ), ಒಂದು ಚೈನ್, ಒಂದು ಮನೆ ಬಿಡುವುದು ಎಂಬ ಕ್ರಮದಲ್ಲಿ ಜಾಲರಿಯನ್ನು 10 ಸೆಂ.ಮೀ. ಎತ್ತರಕ್ಕೆ ಹೆಣೆದು, ಕೊನೆಯ ಜಾಲರಿಯಲ್ಲಿ ಚೈನಿನ ದಾರ ಪೋಣಿಸಿದರೆ ಮುಗಿಯಿತು. ಸವೆದುಳಿದ ಸೋಪಿನ ಚೂರುಗಳೆಲ್ಲ ಇದರಲ್ಲಿ ಖರ್ಚಾಗುತ್ತವೆ.

ಬಚ್ಚಲೊಲೆ:
ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಮಲೆನಾಡಿನ ಆಷಾಢದಲ್ಲಿ ದಪ್ಪ ಹತ್ತಿಯ ಬಟ್ಟೆ ದಿನವಿಡೀ ಹಸಿಯಾಗಿಯೇ ಇದ್ದು ಮುಗ್ಗಲು ಹಿಡಿಯುತ್ತದೆ. ಹಾಗಾಗಿ ಬೆನ್ನಿನ ಪಟ್ಟಿಯನ್ನೂ ಒತ್ತಾಗಿ ಹೆಣೆಯದೆ ಜಾಲರಿಯಾಗಿಯೇ ಹೆಣೆದು, ಎರಡೂ ತುದಿಗೆ ಕೈ ತೂರುವಷ್ಟು ಕುಣಿಕೆ ಇಡಿ. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿದರೆ ಬೇಗ ಆರುತ್ತದೆ. ಹಿಮ್ಮಡಿ ಉಜ್ಜಲು ಮಾತ್ರ ಅಕ್ರಿಲಿಕ್ಕಿನ ಒರಟುತನ ಒಳ್ಳೆಯದೇ.

ಕಾಲೊರಸಿನ ಯೋಚನೆಯನ್ನು ಕೈಬಿಡುವುದು ಲೇಸು. ಒದ್ದೆ ಟೈಲ್ಸಿನ ಮೇಲೆ ಕ್ರೋಶಾದ ಹಾಸು ಜಾರುತ್ತದೆ, ಮನೆಯಲ್ಲಿ ಹಿರಿಯರಿದ್ದರಂತೂ ಬೇಡವೇ ಬೇಡ.

ನೂಲುಂಡೆ:
ಇಬ್ಬರಿಗೂ ಧನ್ಯವಾದಗಳು. ಸುಟ್ಟು ನೋಡಿದೆ, ಮುಕ್ಕಾಲು ಪಾಲು ಅಕ್ರಿಲಿಕ್ಕೇ ಆಗಿದೆ. ಅದನ್ನು ಏನು ಮಾಡಲಿ? ಹತ್ತಿಯ ತುಂಡುಗಳೂ ತೀರಾ ಚಿಕ್ಕವು, ಗಂಟು ಹಾಕುತ್ತ ಹೋಗಬಹುದೇ?

ಕ್ರೋಶಾಕಡ್ಡಿ:
ಗಂಟು ಚರ್ಮಕ್ಕೆ ಚುಚ್ಚುತ್ತದೆ. ಬಣ್ಣ ಬದಲಿಸುವಲ್ಲಿ ಎರಡೂ ತುದಿಗಳನ್ನು ಒಂದು ಗೇಣು ಉಳಿಸಿಕೊಂಡು, ಸೂಜಿಯಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೆಣಿಗೆಯೊಳಗೆ ತೂರಿಸಿ. ಚಿಕ್ಕ ತುಂಡುಗಳಿಂದ ಮುಖದ ಕ್ರೀಮ್ ಒರೆಸುವ ಅಂಗೈಯಗಲದ ಬಿಲ್ಲೆಗಳನ್ನು ಮಾಡಿ, ಒಂದಕ್ಕೆ ಕೆಲವೇ ಗ್ರಾಂ ನೂಲು ಸಾಕು. ಕೆಂಪು, ಕಡುನೀಲಿ ನೂಲನ್ನು ಮೊದಲು ಬಿಸಿನೀರಿನಲ್ಲಿ ಬಿಳಿ ಬಟ್ಟೆಯೊಂದಿಗೆ ನೆನೆಸಿ, ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಳ್ಳಿ.

ಅಕ್ರಿಲಿಕ್ಕನ್ನು ಪದೇ ಪದೇ ಒಗೆಯುವ ವಸ್ತುವಿಗೆ ಬಳಸದಿರುವುದೇ ವಾಸಿ. 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಒಮ್ಮೆ ಯಂತ್ರದಲ್ಲಿ ಒಗೆದರೆ 7 ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳು ನೀರು ಸೇರಬಹುದೆಂದು ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಅಂದಾಜಿಸಿದ್ದಾರೆ. ಬದಲಿಗೆ ಅಕ್ರಿಲಿಕ್ ನೂಲನ್ನು ಎರಡೆಳೆ ಸೇರಿಸಿ ಬಿಗಿಯಾಗಿ ಹೆಣೆದರೆ ಶಾಂಪೂ, ಎಣ್ಣೆ ಬಾಟಲಿಗಳನ್ನು ಇಡುವ ಗೋಡೆಬುಟ್ಟಿಯಾಗುತ್ತದೆ. ನೀರು ಹೀರದ ಗುಣ ಅಲ್ಲಿ ಉಪಯೋಗಕ್ಕೇ ಬರುತ್ತದೆ.