ನಾಲ್ಕು ಜನರ ಡ್ರಾಫ್ಟ್ ಆಟಕ್ಕೆ ಕಡಿಮೆ ಖರ್ಚಿನಲ್ಲಿ ಕ್ಯೂಬ್ ಮಾಡುವುದು ಹೇಗೆ?

ಪೆರ್ಲದ_ಹುಡುಗ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಮ್ಯಾಜಿಕ್ ದ ಗ್ಯಾದರಿಂಗ್ ಎಂಬ ಕಾರ್ಡ್ ಆಟ ಆಡುವವರು. ಮೂವರು ಪೆರ್ಲ, ಬದಿಯಡ್ಕ ಕಡೆಯವರು. ಇನ್ನೊಬ್ಬ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಶನಿವಾರ ಸಂಜೆ ರೈಲಿನಲ್ಲಿ ಕುಂಬಳೆಗೆ ಬಂದು ಇಳಿದರೆ ನಾನು ಬೈಕಿನಲ್ಲಿ ಕರೆದುಕೊಂಡು ಬರುತ್ತೇನೆ, ಆಮೇಲೆ ನಮ್ಮ ಮನೆಯ ಜಗಲಿಯಲ್ಲಿ ಆಟ.

ನಮಗೆ ಡ್ರಾಫ್ಟ್ ಅಂದರೆ ತುಂಬಾ ಇಷ್ಟ. ಕೈಯಲ್ಲಿರುವ ಕಟ್ಟಿನಿಂದ ಒಂದು ಕಾರ್ಡ್ ಇಟ್ಟುಕೊಂಡು ಉಳಿದದ್ದನ್ನು ಪಕ್ಕದವನಿಗೆ ದಾಟಿಸುವುದು, ಅವನು ಯಾವ ಬಣ್ಣ ಹಿಡಿದಿರಬಹುದು ಎಂದು ಯೋಚಿಸುವುದು, ಅದೇ ಖುಷಿ. ಆದರೆ ಪ್ರತಿ ಸಲ ಒಬ್ಬರಿಗೆ 3 ಪ್ಯಾಕ್, ನಾಲ್ಕು ಜನಕ್ಕೆ 12 ಹೊಸ ಪ್ಯಾಕ್ ಒಡೆಯಬೇಕು. ಕಳೆದ ಸಲ ಒಡೆದ ಕಾರ್ಡ್‌ಗಳು ಈಗಲೂ ಚಪ್ಪಲಿ ಡಬ್ಬಿಯಲ್ಲಿ ಬಿದ್ದಿವೆ. ಇಷ್ಟು ದುಡ್ಡು ಪ್ರತಿ ತಿಂಗಳೂ ನಮ್ಮಿಂದ ಆಗುವುದಿಲ್ಲ.

ಕ್ಯೂಬ್ ಮಾಡಿಕೊಳ್ಳಿ, ಅಂದರೆ ನಾವೇ ಆರಿಸಿಟ್ಟ ಒಂದೇ ಕಾರ್ಡ್ ರಾಶಿಯನ್ನು ಮತ್ತೆ ಮತ್ತೆ ಡ್ರಾಫ್ಟ್ ಮಾಡಿ ಎಂದು ಯಾರೋ ಹೇಳಿದ್ದು ಕೇಳಿದೆ. ನಮ್ಮ ಹತ್ತಿರ ಎಲ್ಲರದ್ದೂ ಸೇರಿ 2,500 ರೂಪಾಯಿ ಉಂಟು. ಎಷ್ಟು ಕಾರ್ಡ್ ಬೇಕು? ಪ್ರಿಂಟ್ ಮಾಡಿದ್ದನ್ನು ಬಳಸಬಹುದಾ? ತಂಗಿಯೂ ಈಗ ಕಲಿಯುತ್ತಿದ್ದಾಳೆ, ಅವಳಿಗೂ ಆಡಲು ಆಗುವ ಹಾಗೆ ಇರಬೇಕು.

ಮಂಜೇಶ್ವರ_ಕ್ಯೂಬ್

ಪೆರ್ಲದವರೇ, 180 ಕಾರ್ಡ್ ಸಾಕು. ಕ್ಯೂಬ್ ಅಂದರೆ 360 ಎಂದು ಎಲ್ಲ ಕಡೆ ಓದುತ್ತೀರಿ, ಅದು 8 ಜನರ ಲೆಕ್ಕ. ಒಬ್ಬರಿಗೆ 15 ಕಾರ್ಡಿನ 3 ಕಟ್ಟು, ಅಂದರೆ 45. ನೀವು ನಾಲ್ಕು ಜನ, 45 ನಾಲ್ಕಲೆ 180. ಆ 45ರಲ್ಲಿ ಸುಮಾರು 23 ಆರಿಸಿ, 17 ಲ್ಯಾಂಡ್ (ಮಾನಾ, ಅಂದರೆ ಬೇರೆ ಕಾರ್ಡ್ ಆಡಲು ಬೇಕಾದ ಶಕ್ತಿ ಕೊಡುವ ಕಾರ್ಡ್) ಸೇರಿಸಿದರೆ ಆಡಲು 40 ಕಾರ್ಡಿನ ಡೆಕ್ ಆಯಿತು.

ನಾನು ಮಾಡಿದ ಹಂಚಿಕೆ ಹೇಳುತ್ತೇನೆ. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು, ಪ್ರತಿ ಬಣ್ಣಕ್ಕೆ 30ರಂತೆ 150. ಎರಡು ಬಣ್ಣ ಸೇರಿದ ಜೋಡಿಗಳು 10 ಇವೆ, ಜೋಡಿಗೆ 2ರಂತೆ 20. ಬಣ್ಣ ಇಲ್ಲದ್ದು ಮತ್ತು ಇವಾಲ್ವಿಂಗ್ ವೈಲ್ಡ್ಸ್ ತರಹದ, ಬೇಕಾದ ಬಣ್ಣದ ಲ್ಯಾಂಡ್ ಹುಡುಕಿ ಕೊಡುವ ಲ್ಯಾಂಡ್ ಸೇರಿ 10. ಬೇಸಿಕ್ ಲ್ಯಾಂಡ್, ಅಂದರೆ ಒಂದೊಂದು ಬಣ್ಣದ ಮಾಮೂಲಿ ಲ್ಯಾಂಡ್, ಬೇರೆ ಲೆಕ್ಕ, ಬಣ್ಣಕ್ಕೆ 20 ಇಟ್ಟುಕೊಳ್ಳಿ.

ಇನ್ನು ಮುಖ್ಯ ವಿಷಯ. ಕಾಮನ್ ಕಾರ್ಡ್, ಅಂದರೆ ಪ್ಯಾಕಿನಲ್ಲಿ ಹೆಚ್ಚಾಗಿ ಸಿಗುವಂಥವು ಮಾತ್ರ ಹಾಕಿ, ಇದಕ್ಕೆ ಪಾಪರ್ ಕ್ಯೂಬ್ ಎನ್ನುತ್ತಾರೆ. ಕಾರ್ಡಿನ ಮಧ್ಯದ ಗೆರೆಯಲ್ಲಿ ಬಲಗಡೆ ಇರುವ ಸೆಟ್ ಗುರುತು ನೋಡಿ. ಕಪ್ಪು ಇದ್ದರೆ ಕಾಮನ್, ಬೆಳ್ಳಿ ಬಣ್ಣ ಅನ್‌ಕಾಮನ್, ಚಿನ್ನದ ಬಣ್ಣ ರೇರ್ (1998ಕ್ಕಿಂತ ಹಳೆಯ ಕಾರ್ಡಿನಲ್ಲಿ ಈ ಬಣ್ಣದ ಲೆಕ್ಕ ಇಲ್ಲ). ಅಗ್ಗ ಎಂದು ಮಾತ್ರ ಹೇಳುತ್ತಿಲ್ಲ. ನಾನು ಮೊದಲು ನನ್ನ ಒಳ್ಳೆಯ ರೇರ್‌ಗಳನ್ನೆಲ್ಲ ತುಂಬಿಸಿದ್ದೆ. ಏನಾಯಿತು ಅಂದರೆ ಯಾರ ಕೈಗೆ ಆ ಒಂದು ಡ್ರ್ಯಾಗನ್ ಬಂತೋ ಅವರೇ ಗೆಲ್ಲುತ್ತಿದ್ದರು, ಉಳಿದ 44 ಕಾರ್ಡ್ ಹೇಗೆ ಆರಿಸಿದರೂ ಒಂದೇ ಎಂಬ ಹಾಗಾಯಿತು. ಕಾಮನ್ ಮಾತ್ರ ಇಟ್ಟ ಮೇಲೆ ಹತ್ತನೇ ಕಾರ್ಡ್ ಆರಿಸುವಾಗಲೂ ತಲೆ ಓಡಿಸಬೇಕಾಗುತ್ತದೆ.

ಮತ್ತೆ ಅವು ಸಾಧಾರಣ ಕಾರ್ಡ್‌ಗಳೇನೂ ಅಲ್ಲ. ಒಂದೇ ಮಾನಾಗೆ 3 ಪೆಟ್ಟು ಕೊಡುವ ಲೈಟ್ನಿಂಗ್ ಬೋಲ್ಟ್, ಮೊದಲ ಸರದಿಯಲ್ಲೇ ಇಳಿಯುವ ಲಾನೊವರ್ ಎಲ್ವ್ಸ್, ಎರಡೂ 1993ರ ಮೊದಲ ಸೆಟ್‌ನಲ್ಲೇ ಕಾಮನ್ ಆಗಿ ಬಂದವು. ನಿಮ್ಮ ಚಪ್ಪಲಿ ಡಬ್ಬಿಯನ್ನು ಮೊದಲು ಬಣ್ಣದ ಪ್ರಕಾರ ವಿಂಗಡಿಸಿ. ಅರ್ಧ ಕ್ಯೂಬ್ ಅಲ್ಲೇ ಸಿಗಬಹುದು.

ಕಾಸ್ರೋಡ್_ಡಿಟಿಪಿ

ಪ್ರಿಂಟ್ ವಿಷಯ ನಾನು ಹೇಳುತ್ತೇನೆ, ನನ್ನ ಕೆಲಸವೇ ಅದು. ಮನೆಯಲ್ಲಿ ಗೆಳೆಯರ ಜೊತೆ ಆಡಲು ಪ್ರಾಕ್ಸಿ (ಅಸಲಿ ಕಾರ್ಡಿನ ಬದಲು ಪ್ರಿಂಟ್ ಮಾಡಿದ್ದು) ಮಾಡಿಕೊಂಡರೆ ಏನೂ ತೊಂದರೆ ಇಲ್ಲ. ಅಧಿಕೃತ ಟೂರ್ನಮೆಂಟಿಗೆ ತೆಗೆದುಕೊಂಡು ಹೋಗಬಾರದು, ಯಾರಿಗೂ ಮಾರಬಾರದು, ಅಷ್ಟೇ.

ಕಾರ್ಡಿನ ಅಳತೆ 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಒಂದು ಎ4 ಹಾಳೆಯಲ್ಲಿ ಮೂರು ಸಾಲಿಗೆ ಮೂರರಂತೆ 9 ಕಾರ್ಡ್ ಕೂರುತ್ತವೆ, ಪೂರ್ತಿ 180ಕ್ಕೆ 20 ಹಾಳೆ. ಪ್ರಿಂಟ್ ಕೊಡುವಾಗ ಅಳತೆ 100 ಶೇಕಡಾ ಇರಲಿ, 'ಹಾಳೆಗೆ ಹೊಂದಿಸು' ಎಂಬುದನ್ನು ತೆಗೆಯಲು ಹೇಳಿ. ಇಲ್ಲದಿದ್ದರೆ ಎಲ್ಲವೂ ಸ್ವಲ್ಪ ಸಣ್ಣದಾಗಿ ಬರುತ್ತವೆ. ದಪ್ಪ ಬೋರ್ಡ್ ಬೇಡ, ಮಾಮೂಲಿ ಕಾಗದ ಸಾಕು. ಸ್ಟೀಲ್ ಸ್ಕೇಲ್ ಇಟ್ಟು ಬ್ಲೇಡಿನಲ್ಲಿ ಕೊಯ್ಯಿರಿ, ಕತ್ತರಿಯಲ್ಲಿ ಅಂಚು ಸೊಟ್ಟ ಆಗುತ್ತದೆ. ಆ ಚೀಟಿಯನ್ನು ಸ್ಲೀವ್, ಅಂದರೆ ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವರ್ ಒಳಗೆ ಹಾಕಿ ಹಿಂದೆ ಒಂದು ಬೇಡದ ಕಾರ್ಡ್ ಇಡಬೇಕು. ಬೇಡದ ಕಾರ್ಡ್ ಸಾಲದಿದ್ದರೆ ಇಸ್ಪೀಟ್ ಎಲೆ ಇಡಿ, ಆದರೆ ಕೊಳ್ಳುವ ಮೊದಲು ಅಗಲ ನೋಡಿ. ಕೆಲವು ಕಟ್ಟಿನ ಎಲೆಗಳು 57 ಮಿ.ಮೀ. ಅಷ್ಟೇ ಇರುತ್ತವೆ, ಸ್ಲೀವ್ ಒಳಗೆ ಅತ್ತಿತ್ತ ಜಾರುತ್ತವೆ. 63 ಇರುವುದೇ ಬೇಕು.

ದುಡ್ಡು ಹಾಕುವುದಾದರೆ ಸ್ಲೀವ್‌ಗೆ ಹಾಕಿ. ಹಿಂದೆ ಪಾರದರ್ಶಕ ಇರಬಾರದು, ಗಾಢ ಬಣ್ಣ ಇರಲಿ. ಬೇಸಿಕ್ ಲ್ಯಾಂಡಿಗೂ ಸೇರಿಸಿ 300 ಒಂದೇ ಸಲ ತರಿಸಿಕೊಳ್ಳಿ. ನಾನು ಮೊದಲು 200 ತರಿಸಿ, ಆರು ತಿಂಗಳು ಬಿಟ್ಟು ಅದೇ ಕಂಪೆನಿಯ ಅದೇ ಕಪ್ಪು ಬಣ್ಣದ್ದು 100 ತರಿಸಿದೆ. ಬಲ್ಬಿನ ಕೆಳಗೆ ಹಿಡಿದರೆ ಹೊಸದು ಸ್ವಲ್ಪ ನೀಲಿ! ಯಾವುದು ಹೊಸ ಕಾರ್ಡ್ ಎಂದು ಬೆನ್ನು ನೋಡಿಯೇ ಗೊತ್ತಾಗುತ್ತಿತ್ತು. ಕೊನೆಗೆ ಹೊಸ 100ನ್ನೂ ಲ್ಯಾಂಡಿಗೆ ಹಾಕಿ, ಲ್ಯಾಂಡಿನ ಹಳೆಯ ಸ್ಲೀವ್ ಬಿಚ್ಚಿ ಉಳಿದ ಕಾರ್ಡಿಗೆ ಹಾಕಿದೆ. ಆದರೂ ಡೆಕ್‌ನಲ್ಲಿ ಲ್ಯಾಂಡ್ ಯಾವುದು ಎಂದು ತಿಳಿಯುತ್ತದೆ, ಅದು ಸರಿಯಲ್ಲ.

ಮಳೆಗಾಲದ ಬಗ್ಗೆಯೂ ಹೇಳಬೇಕು. ನಮ್ಮದು ಬೆಲ್ಟಿಗೂ ಬೂಸ್ಟು ಹಿಡಿಯುವ ಊರು. ಹೊಳೆಯುವ ಫಾಯಿಲ್ ಕಾರ್ಡ್ ಕ್ಯೂಬಿಗೆ ಹಾಕಲೇಬೇಡಿ, ಥಂಡಿಗೆ ಬಾಗುತ್ತವೆ, ರಾಶಿಯಲ್ಲಿ ಎದ್ದು ಕಾಣುತ್ತವೆ. ಗಟ್ಟಿ ಮುಚ್ಚಳದ ಬಿಸ್ಕತ್ತು ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಉಪ್ಪಳದ_ಅಕ್ಕ

ತಂಗಿಯ ವಿಷಯಕ್ಕೆ ಬರೆಯುತ್ತಿದ್ದೇನೆ. ನಾನು ಅಣ್ಣನ ಮಗಳಿಗೆ ಕಲಿಸಿದ್ದು ಹೀಗೆಯೇ. ಕಾಮನ್ ಕಾರ್ಡಿನಲ್ಲಿ ಬರಹ ಕಡಿಮೆ, ಅದೇ ದೊಡ್ಡ ಅನುಕೂಲ. ಆದರೂ ಫ್ಲೈಯಿಂಗ್, ಟ್ರ್ಯಾಂಪಲ್, ಹೇಸ್ಟ್ ತರಹದ, ಜೀವಿಗಳ ಸಾಮರ್ಥ್ಯ ಹೇಳುವ ಏಳೆಂಟು ಶಬ್ದ ಮತ್ತೆ ಮತ್ತೆ ಬರುತ್ತವೆ. ಮೊದಲಿಗೆ ಆ ಏಳೆಂಟು ಬಿಟ್ಟು ಬೇರೆ ಶಬ್ದ ಇರುವ ಕಾರ್ಡ್ ಹಾಕಬೇಡಿ. ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದಿಡಿ. 'ಹಾರುವುದನ್ನು ಹಾರುವುದು ಅಥವಾ ರೀಚ್ ಇರುವುದು ಮಾತ್ರ ತಡೆಯಬಹುದು', ಹೀಗೆ. ನಮ್ಮ ಹುಡುಗಿ ಎರಡು ವಾರ ಆ ರಟ್ಟು ನೋಡಿದಳು, ಆಮೇಲೆ ಅವಳೇ ನನ್ನ ತಪ್ಪು ಹಿಡಿಯಲು ಶುರು ಮಾಡಿದಳು.

ಜೀವದ 20 ಅಂಕ ಎಣಿಸಲು ಫೋನ್ ಬೇಡ. ಚೆನ್ನೆಮಣೆಯ ಮಂಜೊಟ್ಟಿ ಕಾಯಿ 20 ಮುಂದೆ ಇಟ್ಟು, ಪೆಟ್ಟು ಬಿದ್ದ ಹಾಗೆ ಬಟ್ಟಲಿಗೆ ಹಾಕುತ್ತಾ ಹೋದರೆ ಮಕ್ಕಳಿಗೆ ಎಷ್ಟು ಉಳಿಯಿತು ಎಂದು ಕಣ್ಣಿಗೇ ಕಾಣುತ್ತದೆ.

ಮಂಗಳೂರಿನವರು ಬಾರದ ವಾರ ಇಬ್ಬರೇ ಇದ್ದರೆ ವಿನ್‌ಸ್ಟನ್ ಡ್ರಾಫ್ಟ್ ಆಡಿ. 90 ಕಾರ್ಡ್ ಕಲಸಿ ಮಗುಚಿ ಇಡಿ, ಅದರಿಂದ ಮೂರು ಕಡೆ ಒಂದೊಂದು ಕಾರ್ಡ್, ಅದನ್ನೂ ಮಗುಚಿಯೇ. ಮೊದಲ ಗುಂಪು ನೋಡಿ, ಬೇಕಾದರೆ ಪೂರ್ತಿ ತಗೊಳ್ಳಿ, ಖಾಲಿಯಾದ ಜಾಗಕ್ಕೆ ರಾಶಿಯಿಂದ ಒಂದು ಇಡಿ. ಬೇಡವಾದರೆ ಅದರ ಮೇಲೆ ಒಂದು ಕಾರ್ಡ್ ಸೇರಿಸಿ ಎರಡನೆಯದು ನೋಡಿ. ಮೂರೂ ಬೇಡವೆಂದರೆ ರಾಶಿಯ ಮೇಲಿನದ್ದೇ ನಿಮ್ಮದು. ಬಿಟ್ಟ ಗುಂಪು ದೊಡ್ಡದಾಗುತ್ತಾ ಹೋಗುವಾಗ ಆಸೆಯೂ ಬೆಳೆಯುತ್ತದೆ ನೋಡಿ, ಅದು ಬಹಳ ಚೆಂದ.

ಪೆರ್ಲದ_ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಬ್ಬಿ ವಿಂಗಡಿಸಿದೆವು, ಬೇಕಾಗುವ ಹಾಗಿರುವ ಕಾಮನ್ 97 ಸಿಕ್ಕಿತು. ಉಳಿದ 83ನ್ನು ಪ್ರಿಂಟ್ ಮಾಡಿಸಿ ನಿನ್ನೆ ಮೊದಲ ಡ್ರಾಫ್ಟ್ ಆಡಿದೆವು. ತಂಗಿ ಹಸಿರು ಹಿಡಿದು ಒಂದು ಆಟ ಗೆದ್ದಳು. ಒಂದೇ ತೊಂದರೆ, ಕೆಂಪು ಬಣ್ಣ ಹಿಡಿದವರು ಎಲ್ಲರನ್ನೂ ಸೋಲಿಸಿದರು. ಬೋಲ್ಟ್ ತೆಗೆಯಬೇಕಾ?

ಮಂಜೇಶ್ವರ_ಕ್ಯೂಬ್

ಬೋಲ್ಟ್ ತೆಗೆಯಬೇಡಿ. ಕೆಂಪಿನ 30ರಲ್ಲಿ ಎದುರಿನವರ ಜೀವಿಗಳನ್ನು ಸಾಯಿಸುವ ಕಾರ್ಡ್ ಎಷ್ಟು ಉಂಟು ಎಂದು ಎಣಿಸಿ. 6 ಅಥವಾ 7 ಇರಲಿ, ಅದಕ್ಕಿಂತ ಜಾಸ್ತಿ ಇದ್ದರೆ ಕಡಿಮೆ ಮಾಡಿ ಆ ಜಾಗಕ್ಕೆ ಜೀವಿಗಳನ್ನು ಹಾಕಿ. ಪ್ರತಿ ಬಣ್ಣದಲ್ಲೂ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜೀವಿಗಳೇ ಇರಬೇಕು. ಒಂದು ಆಟಕ್ಕೆ ಐದಕ್ಕಿಂತ ಜಾಸ್ತಿ ಕಾರ್ಡ್ ಬದಲಾಯಿಸಬೇಡಿ, ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ಈ 180 ಬಾಯಿಪಾಠ ಆಯಿತು ಅನಿಸಿದಾಗ 270ಕ್ಕೆ ಬೆಳೆಸಿ, ಆಗ ಪ್ರತಿ ವಾರ 90 ಕಾರ್ಡ್ ಡಬ್ಬಿಯಲ್ಲೇ ಉಳಿಯುತ್ತವೆ, ಯಾವುದು ಹೊರಗೆ ಬಂದಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೆ ಬೇಕಾದ ಸ್ಲೀವ್ ಮಾತ್ರ ಈಗಲೇ ತರಿಸಿಡಿ.