ಬಿಯರ್ ರುಚಿಯಲ್ಲಿ ‘ಡ್ರೈ’ ಅನ್ನುವುದಕ್ಕೆ ಕನ್ನಡದಲ್ಲಿ ಏನು?

ಮಡಿಕೇರಿಯಿಂದ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಪಬ್‌ನ ಬಿಯರ್ ಕಾರ್ಡನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ಅಲ್ಲಿ ಪುಟ್ಟ ಲೋಟಗಳಲ್ಲಿ ನಾಲ್ಕೈದು ಬಗೆಯ ಬಿಯರ್ ಒಟ್ಟಿಗೆ ಕೊಡುತ್ತಾರೆ. ತನಗೆ ಯಾವುದು ಹಿಡಿಸುತ್ತದೆ ಅಂತ ಕುಡಿಯುವವರೇ ಕಂಡುಕೊಳ್ಳಲಿ ಎಂದು ಈ ಕಾರ್ಡ್. ಜರ್ಮನಿಯ ಗೋಧಿ ಬಿಯರ್‌ಗೆ ‘ಬಾಳೆಹಣ್ಣು, ಲವಂಗದ ಕಂಪು, ಎರಡೂ ಯೀಸ್ಟ್‌ನಿಂದಲೇ ಬಂದದ್ದು’ ಎಂದು ಬರೆದೆ. ಬೆಲ್ಜಿಯಂನದಕ್ಕೆ ‘ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ’. ಐಪಿಎಗೆ, ಅಂದರೆ ಇಂಡಿಯಾ ಪೇಲ್ ಏಲ್ ಅನ್ನುವ ಬಿಯರ್‌ಗೆ, ‘ಹಾಪ್ಸ್ ಕಹಿ ಜಾಸ್ತಿ’ (ಹಾಪ್ಸ್ ಅಂದರೆ ಬಿಯರ್‌ಗೆ ಕಹಿ ಕೊಡುವ ಹೂವು). ‘ಡ್ರೈ ಸ್ಟೌಟ್’ ಅನ್ನುವ ಕಪ್ಪು ಬಿಯರ್‌ಗೆ ಬಂದು ನಿಂತಿದ್ದೇನೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ, ಹಾಗಾಗಿ ಅದರ ಮಾತು ಕೆಡಬಾರದು. ‘ಒಣ’ ಸರಿಹೋಗಲ್ಲ. ‘ಒಗರು’ ಆಗುತ್ತದಾ?

ಮೈಸೂರಿನಿಂದ:
ಆಗುತ್ತದೆ. ಬಾಯಿ ಒಣಗಿಸುವ ರುಚಿಗೆ ಒಗರು ಅಂತಲೇ ಹೆಸರು. ಇದರಲ್ಲಿ ಚರ್ಚೆಗೆ ಏನಿದೆ?

ಸೋಮವಾರಪೇಟೆಯಿಂದ:
ಇದೆ ಸ್ವಾಮಿ. ಒಗರು ಅಂದರೆ ಅಡಿಕೆ, ನೆಲ್ಲಿಕಾಯಿ, ಬಲಿಯದ ಬಾಳೆಕಾಯಿ. ನಾಲಿಗೆ ಹಿಡಿದುಕೊಳ್ಳುತ್ತದೆ. ಸ್ಟೌಟ್‌ಗೆ ಹಾಕುವ ಹುರಿದ ಬಾರ್ಲಿಯಿಂದ ಅಂಥ ಹಿಡಿತ ಒಂಚೂರು ಬರುತ್ತದೆ, ನಿಜ. ಆದರೆ ‘ಡ್ರೈ’ ಅನ್ನುವುದು ಅದಕ್ಕಲ್ಲ. ಕಾಳಿನ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಡಿಮೆ ಪೂರಾ ತಿಂದು ಮುಗಿಸಿದೆ, ಬಾಯಲ್ಲಿ ಸಿಹಿ ಉಳಿಯಲ್ಲ ಅಂತ ಅದರ ಅರ್ಥ. ನಮ್ಮ ಕಡೆಯ ಬೈನೆ ಮರದ ಕಳ್ಳು ನೋಡಿ. ಮರದಿಂದ ಇಳಿಸಿದಾಗ ಸಿಹಿ. ಹೊತ್ತು ಏರಿದ ಹಾಗೆ ಸಿಹಿ ಇಳಿಯುತ್ತದೆ. ಕಳ್ಳಿಗೆ ಹುಳಿಯೂ ಬರುತ್ತದೆ, ಸ್ಟೌಟ್‌ಗೆ ಬರಲ್ಲ, ಅಷ್ಟೇ ವ್ಯತ್ಯಾಸ. ‘ಸಿಹಿ ಇಳಿದ’ ಅಂತ ಬರೆಯಿರಿ. ಸಕ್ಕರೆ ಹಾಕದ ಕಾಫಿ ಕುಡಿದು ರೂಢಿ ಇರುವವರು ಅದನ್ನು ಓದಿದ ಕೂಡಲೇ ಆ ಲೋಟಕ್ಕೆ ಕೈ ಹಾಕುತ್ತಾರೆ.

ಸಂಪಾಜೆಯಿಂದ:
ಎರಡು ಪದ ಯಾಕೆ? ‘ಚಪ್ಪೆ’ ಇದೆಯಲ್ಲ. ನಮ್ಮಲ್ಲಿ ಚಪ್ಪೆ ಚಾ ಅಂದರೆ ಸಕ್ಕರೆ ಇಲ್ಲದ ಚಹಾ. ನೀವು ಅನ್ನುವ ‘ಸಪ್ಪೆ’ಯೂ ಇದೇ ಪದ. ಸಾಯುವುದಕ್ಕೆ ತಮಿಳಿನಲ್ಲಿ ‘ಚಾ’ ಎಂದೇ ಉಳಿದದ್ದು ಕನ್ನಡದಲ್ಲಿ ‘ಸಾಯು’ ಆದ ಹಾಗೆ ಇಲ್ಲಿಯೂ ಚಕಾರ ಸಕಾರವಾಗಿದೆ. ಹಳೆಯ ರೂಪವನ್ನೇ ಬಳಸಿ.

ಮಡಿಕೇರಿಯಿಂದ:
ನಿಮ್ಮ ಚಕಾರದ ಮಾತು ಒಪ್ಪುತ್ತೇನೆ ಅಣ್ಣ. ಆದರೆ ಘಟ್ಟದ ಮೇಲೆ ಸಪ್ಪೆ ಅನ್ನುವುದು ದೂರು. ಉಪ್ಪು ಮರೆತ ಸಾರಿಗೆ ಹೇಳುವ ಮಾತು. ಬೆಂಗಳೂರಿನಲ್ಲಿ ‘ಚಪ್ಪೆ ಬಿಯರ್’ ಅಂತ ಓದಿದರೆ ಯಾರೂ ತರಿಸಿಕೊಳ್ಳಲ್ಲ.

ಧಾರವಾಡದಿಂದ:
ಮೊದಲು ಬಿಯರ್, ಸ್ಟೌಟ್, ಹಾಪ್ಸ್ ಬಿಡಿ. ‘ಬಾರ್ಲಿ ಹೆಂಡ’ ಅನ್ನಿ. ಬರೀ ಒಂದು ‘ಡ್ರೈ’ ಕನ್ನಡವಾದರೆ ಏನು ಬಂತು?

ಸೋಮವಾರಪೇಟೆಯಿಂದ:
ಬಾರ್ಲಿಯೂ ಕನ್ನಡವಲ್ಲ. ನಮ್ಮ ಕಾಫಿ ತೋಟಗಳಲ್ಲಿ ಪಲ್ಪರ್, ಪಾರ್ಚ್‌ಮೆಂಟ್, ಚೆರ್ರಿ ಅಂತಲೇ ಅನ್ನುತ್ತಾರೆ. ಎಷ್ಟೋ ತಲೆಮಾರಿನಿಂದ ಆಳುಗಳ ಬಾಯಲ್ಲಿ ಅದೇ ಇದೆ. ಅವರು ಕನ್ನಡ ಬಿಟ್ಟರೇನು? ಪಿಲ್ಸ್‌ನರ್ ಅನ್ನುವುದು ಚೆಕ್ ನಾಡಿನ ಪಿಲ್ಸೆನ್ ಊರಿನ ಹೆಸರು, 1842ರಲ್ಲಿ ಅಲ್ಲಿ ಹುಟ್ಟಿದ ಬಿಯರ್. ಊರಿನ ಹೆಸರಿಗೆ ಕನ್ನಡ ಹುಡುಕುತ್ತೀರಾ? ವಸ್ತುವಿನ ಜೊತೆ ಹೆಸರು ಬರಲಿ. ರುಚಿಯ ಮಾತು ಮಾತ್ರ ಎರವಲು ಬೇಡ. ಕಹಿ, ಒಗರು, ಘಾಟು, ಕಮಟು, ಸೊಗಡು ಎಲ್ಲ ಮನೆಯಲ್ಲೇ ಇರುವಾಗ ಕಾರ್ಡ್‌ನಲ್ಲಿ ‘ಬಿಟರ್’ ಅಂತ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ ನೋಡಿ, ನನಗೆ ಸಿಟ್ಟು ಬರುವುದು ಅಲ್ಲಿ.

ಮಡಿಕೇರಿಯಿಂದ:
ಹೀಗೆ ಕಳಿಸುತ್ತಿದ್ದೇನೆ: ‘ಡ್ರೈ ಸ್ಟೌಟ್: ಸಿಹಿ ಇಳಿದ ಕಪ್ಪು ಬಿಯರ್. ಹುರಿದ ಬಾರ್ಲಿಯ ಕಹಿ, ಕಾಫಿಯ ಕಂಪು. ಕಾಫಿ ಬೆರೆಸಿಲ್ಲ.’ ಎಲ್ಲರಿಗೂ ಧನ್ಯವಾದ.

ಮೈಸೂರಿನಿಂದ:
ಒಗರೇ ಸರಿ. ‘ಇಳಿದ’ ಅಂದರೆ ಕಡಿಮೆಯಾದದ್ದು, ಇಲ್ಲದ್ದಲ್ಲ. ನಾನು ಒಪ್ಪಲ್ಲ.